ಇಂಗ್ಲಿಷ್ ಕೊಟ್ಟು ಇಟಾಲಿಯನ್ ಪಡೆದದ್ದು: ಟ್ಯಾಂಡೆಮ್ ಆ್ಯಪ್‌ನಲ್ಲಿ ಏಳು ತಿಂಗಳು

ಕಲಬುರಗಿಯಲ್ಲಿ ಬೆಳೆದವರಿಗೆ ಭಾಷೆಯ ಕೊಡುಕೊಳ್ಳುವಿಕೆ ಹೊಸದಲ್ಲ. ನಮ್ಮ ಓಣಿಯಲ್ಲಿ ಉರ್ದು ಮಾತನಾಡುವ ಮನೆಗಳ ಮಕ್ಕಳು ನಮ್ಮಿಂದ ಕನ್ನಡ ಕಲಿತರು, ನಾವು ಅವರಿಂದ ದಖನಿ ಕಲಿತೆವು; ಯಾರೂ ಯಾರಿಗೂ ಪಾಠವೆಂದು ಹೇಳಿಕೊಡಲಿಲ್ಲ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂದು ನಿಶ್ಚಯಿಸಿದಾಗ ನನಗೆ ನೆನಪಾದದ್ದು ಆ ಓಣಿಯೇ. 1222ರಲ್ಲಿ ಆರಂಭವಾದ, ಗೆಲಿಲಿಯೋ 1592ರಿಂದ 1610ರವರೆಗೆ ಬೋಧಿಸಿದ ಆ ವಿಶ್ವವಿದ್ಯಾಲಯದಲ್ಲಿ ಇಂದು ಹಲವು ಕೋರ್ಸ್‌ಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತವೆಯಾದರೂ, ಬಾಡಿಗೆ ಮನೆ ಹುಡುಕುವುದಕ್ಕೂ ಔಷಧದ ಅಂಗಡಿಯಲ್ಲಿ ಜ್ವರದ ಮಾತ್ರೆ ಕೇಳುವುದಕ್ಕೂ ಊರಿನ ಭಾಷೆ ಬೇಕೇ ಬೇಕು. ಪುಸ್ತಕ ನೋಡಿ ವ್ಯಾಕರಣ ಕಲಿತೆ; ಆದರೆ ಮಾತನಾಡೋಣವೆಂದರೆ ನಮ್ಮ ಊರಿನಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.

ಹೀಗೆ ಹುಡುಕುತ್ತಾ ಸಿಕ್ಕಿದ್ದು ಬರ್ಲಿನ್ ಮೂಲದ ಟ್ಯಾಂಡೆಮ್. ಇಬ್ಬರು ಹಿಂದೆ ಮುಂದೆ ಕುಳಿತು ತುಳಿಯುವ ಸೈಕಲ್ಲಿಗೆ ಆ ಹೆಸರಿದೆ. 1960ರ ದಶಕದ ಕೊನೆಯಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಯುವಕರನ್ನು ಜೋಡಿಯಾಗಿ ಕೂರಿಸಿ ಪರಸ್ಪರರ ಭಾಷೆ ಕಲಿಸುತ್ತಿದ್ದ ಕ್ರಮಕ್ಕೂ ಇದೇ ಹೆಸರು ಬಂತು. ಆ್ಯಪ್ ಮಾಡುವ ಕೆಲಸವೂ ಅಷ್ಟೇ: ನಿಮಗೆ ಬರುವ ಭಾಷೆ, ಕಲಿಯಬೇಕಾದ ಭಾಷೆ, ಮಾತನಾಡಲು ಇಷ್ಟವಾಗುವ ವಿಷಯಗಳನ್ನು ಬರೆದರೆ, ಅದಕ್ಕೆ ಹೊಂದುವವರನ್ನು ತೋರಿಸುತ್ತದೆ. ಬರೆದ ಸಂದೇಶವನ್ನು ಜೊತೆಗಾರರು ಅಲ್ಲಿಯೇ ತಿದ್ದಬಹುದು. ತಪ್ಪು ಮತ್ತು ಸರಿ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸೌಲಭ್ಯ ಅದು.

ಇದಕ್ಕೂ ಮೊದಲು ಬೇರೊಂದು ಆ್ಯಪ್ ಬಳಸಿದ್ದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಬಂದ ಸಂದೇಶಗಳಲ್ಲಿ ಹೆಚ್ಚಿನವು ಭಾಷೆಗೆ ಸಂಬಂಧಪಟ್ಟವಾಗಿರಲಿಲ್ಲ, ಒಬ್ಬಂಟಿ ಹುಡುಗಿ ಎಂದು ತಿಳಿದು ಬರೆದವಾಗಿದ್ದವು. ಆದ್ದರಿಂದ ಈ ಬಾರಿ ನನ್ನ ಪರಿಚಯದಲ್ಲಿ ‘ವಾರಕ್ಕೆ ಒಂದು ಗಂಟೆ, ಅರ್ಧ ಇಟಾಲಿಯನ್, ಅರ್ಧ ಇಂಗ್ಲಿಷ್, ಬೇರೇನೂ ಅಲ್ಲ’ ಎಂದು ಸ್ಪಷ್ಟವಾಗಿ ಬರೆದೆ. ಇಂಗ್ಲಿಷ್ ನನ್ನ ಮಾತೃಭಾಷೆಯಲ್ಲ, ಶಾಲೆಯಲ್ಲಿ ಕಲಿತದ್ದು ಎಂಬುದನ್ನೂ ಮುಚ್ಚಿಡಲಿಲ್ಲ. ಫೋನ್ ನಂಬರನ್ನು ಎರಡು ತಿಂಗಳು ಯಾರಿಗೂ ಕೊಡಲಿಲ್ಲ. ಹೆಣ್ಣುಮಕ್ಕಳು ಇಷ್ಟನ್ನಾದರೂ ಪಾಲಿಸಬೇಕೆಂದು ಕಳಕಳಿಯಿಂದ ಹೇಳುತ್ತೇನೆ. ನವೆಂಬರಿನಲ್ಲಿ ವೆರೋನಾದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಮಹಿಳೆಯೊಬ್ಬರು ಬರೆದರು. ಪ್ರವಾಸಿಗರೊಡನೆ ಮಾತನಾಡಲು ಅವರಿಗೆ ಇಂಗ್ಲಿಷ್ ಬೇಕಾಗಿತ್ತು.

ಮೊದಲ ತೊಡಕು ಮರ್ಯಾದೆಯದು. ಇಟಾಲಿಯನ್ನಿನಲ್ಲಿ ‘ನೀವು’ ಎನ್ನಲು ‘ಲೇಯಿ’, ‘ನೀನು’ ಎನ್ನಲು ‘ತು’. ಅವರು ಮೊದಲ ದಿನವೇ ‘ತು’ ಎನ್ನು ಎಂದರು. ನಮ್ಮ ದಖನಿಯಲ್ಲಿಯೂ ‘ತೂ’ ಎಂದರೆ ‘ನೀನು’ ಎಂದೇ ಅರ್ಥ. ಮಾತಿಗೊಮ್ಮೆ ‘ರೀ’ ಸೇರಿಸುವ ಊರಿನಲ್ಲಿ ಹುಟ್ಟಿದ ನನಗೆ ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ನಾಲಿಗೆ ಏಳಲಿಲ್ಲ. ಎರಡು ವಾರ ಬೇಕಾಯಿತು.

ಉಳಿದಂತೆ ಕನ್ನಡ ನನ್ನ ಕೈ ಹಿಡಿಯಿತು. ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಬಳಿ ಮತ್ತು ಬಳ್ಳಿಗಳ ವ್ಯತ್ಯಾಸ ತಿಳಿದವರಿಗೆ ಇದು ಕಷ್ಟವಲ್ಲ. ವರ್ಣಮಾಲೆಯಲ್ಲಿ ಕಲಿತು ಎಲ್ಲಿಯೂ ಬಳಸದೆ ಬಿಟ್ಟಿದ್ದ ‘ಞ’ ಅಕ್ಷರ ‘ಸಿಞ್ಞೋರ’ ಎನ್ನುವಾಗ ಬೇಕಾಯಿತು. ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ‘ಮಿ ಪಿಯಾಚೆ’. ಇಂಗ್ಲಿಷಿನ ಮೂಲಕ ಕಲಿಯುವವರನ್ನು ಬಹಳ ಕಾಡುವ ಈ ಪ್ರಯೋಗದಲ್ಲಿ ಇಷ್ಟಪಡುವವರು ಕರ್ತೃವಲ್ಲ, ಇಷ್ಟವಾದ ವಸ್ತುವೇ ಕರ್ತೃ. ‘ನನಗೆ ಹಣ್ಣು ಸೇರುತ್ತದೆ, ಹಣ್ಣುಗಳು ಸೇರುತ್ತವೆ’ ಎನ್ನುವ ನಮಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ನಾನು ಅಲ್ಲಿಯವರೆಗೆ ಪ್ರತಿ ವಾಕ್ಯವನ್ನೂ ಇಂಗ್ಲಿಷಿನಿಂದ ಇಟಾಲಿಯನ್ನಿಗೆ ತಿರುಗಿಸುತ್ತಿದ್ದೆ. ನೇರವಾಗಿ ಕನ್ನಡದಿಂದ ಹೋದಾಗ ದಾರಿ ಹತ್ತಿರವಾಯಿತು. ಒಮ್ಮೆ ಅವರು ತಮ್ಮ ಸೀಮೆಯ ಪೊಲೆಂತಾವನ್ನು, ಅಂದರೆ ಮೆಕ್ಕೆಜೋಳದ ತರಿಯನ್ನು ಕುದಿಯುವ ನೀರಿಗೆ ಹಾಕಿ ತಿರುವುತ್ತಾ ಬೇಯಿಸುವುದನ್ನು ವರ್ಣಿಸಿದಾಗ, ನಾನು ನಮ್ಮ ಜೋಳದ ನುಚ್ಚಿನ ವಿಷಯ ಹೇಳಿದೆ. ಆ ದಿನ ಇಟಾಲಿಯನ್ನಿನ ಅರ್ಧ ಗಂಟೆ ಐವತ್ತು ನಿಮಿಷಕ್ಕೆ ಹಿಗ್ಗಿತು.

ಅವರಿಗೆ ನಾನು ಕೊಟ್ಟದ್ದು ಕಡಿಮೆಯೇನಲ್ಲ. ‘ಹ’ಕಾರವನ್ನು ನುಂಗುವ ಅಭ್ಯಾಸದಿಂದ ಅವರು ‘ಹಂಗ್ರಿ’ ಎಂದದ್ದು ‘ಆಂಗ್ರಿ’ ಎಂದು ಕೇಳಿಸುತ್ತಿತ್ತು; ಅದನ್ನು ತಿದ್ದಿಕೊಂಡರು. ಆದರೆ ಈ ಜೋಡಿಯ ಮಿತಿ ಮಾರ್ಚ್ ಕೊನೆಯ ಭಾನುವಾರ ತಿಳಿಯಿತು. ಚಳಿಗಾಲದಲ್ಲಿ ಇಟಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ ಆರು ಆದಾಗ ಇಲ್ಲಿ ರಾತ್ರಿ ಹತ್ತೂವರೆ. ಆ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಂತರ ಮೂರೂವರೆ ಗಂಟೆಗೆ ಇಳಿಯುತ್ತದೆ. ನನಗೆ ಅದು ತಿಳಿದಿರಲಿಲ್ಲ. ಎಂದಿನಂತೆ ಹತ್ತೂವರೆಗೆ ಕರೆ ಮಾಡಿದರೆ ಅವರು ಬೇಸರದ ದನಿಯಲ್ಲಿ, ‘ಐ ಆ್ಯಮ್ ವೇಟಿಂಗ್ ಸಿನ್ಸ್ ಒನ್ ಅವರ್’ ಎಂದರು. ನನ್ನಿಂದ ತಪ್ಪಾಯಿತೆಂದು ಕ್ಷಮೆ ಕೇಳಿದೆ, ಆದರೆ ಅವರ ವಾಕ್ಯದ ತಪ್ಪು ನನಗೆ ಕಾಣಲೇ ಇಲ್ಲ. ‘ಒಂದು ಗಂಟೆಯಿಂದ ಕಾಯುತ್ತಿದ್ದೇನೆ’ ಎಂದು ಕನ್ನಡದಲ್ಲಿ, ‘ಅಸ್ಪೆತ್ತೊ ದ ಉನೋರ’ ಎಂದು ಅವರ ಭಾಷೆಯಲ್ಲಿ ವರ್ತಮಾನ ಕಾಲವೇ ಸರಿ. ಇಂಗ್ಲಿಷಿನಲ್ಲಿ ಮಾತ್ರ ‘ಹ್ಯಾವ್ ಬೀನ್ ವೇಟಿಂಗ್ ಫಾರ್’ ಎನ್ನಬೇಕು. ಮರುದಿನ ವ್ಯಾಕರಣ ಪುಸ್ತಕ ತೆಗೆದು ನೋಡಿ, ಇಬ್ಬರಿಗೂ ಸೇರಿ ತಿದ್ದುಪಡಿ ಬರೆದು ಕಳುಹಿಸಿದೆ. ಇಬ್ಬರ ಮಾತೃಭಾಷೆಗಳೂ ಒಂದೇ ತಪ್ಪಿನ ಕಡೆಗೆ ಎಳೆಯುವಾಗ ತಿದ್ದಲು ಮೂರನೆಯದೊಂದು ಬೇಕು, ಆ ಕೆಲಸವನ್ನು ಯಾವ ಆ್ಯಪ್‌ನಿಂದಲೂ ನಿರೀಕ್ಷಿಸಬಾರದು.

ಒಂದಕ್ಷರವೂ ಬಾರದವರಿಗೆ ಟ್ಯಾಂಡೆಮ್ ಮೊದಲ ಮೆಟ್ಟಿಲಲ್ಲ, ಅದು ಪಾಠಶಾಲೆಯಲ್ಲ. ಎರಡು ಮೂರು ತಿಂಗಳು ಪುಸ್ತಕ ಓದಿ, ತಮ್ಮ ಪರಿಚಯವನ್ನು ಹತ್ತು ವಾಕ್ಯಗಳಲ್ಲಿ ಹೇಳಲು ಬರುವವರು ಇದಕ್ಕೆ ಸೇರಬೇಕು. ಹಣ ಕೊಟ್ಟು ಪಡೆಯುವ ಯೋಜನೆಯೂ ಇದೆ, ನನಗೆ ಉಚಿತವಾದದ್ದೇ ಸಾಕಾಯಿತು. ಭೇಟಿಯ ಸಮಯವನ್ನು ಈಗ ಇಟಲಿಯ ಗಡಿಯಾರದಲ್ಲಿಯೇ ಬರೆದಿಡುತ್ತೇನೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಮತ್ತೆ ಹಿಂದಿಡುತ್ತಾರೆ. ಅಷ್ಟರೊಳಗೆ ಪಾದುವಾ ತಲುಪಿರಬೇಕೆಂಬುದು ನನ್ನ ಆಸೆ.