ಇಂಗ್ಲೆಂಡಿನ ಹಳೇ ಸೆಮಿ ಮನೆ: ಬೆಂಗಳೂರಿನಿಂದ ದುಡ್ಡು ಕಳಿಸುವ ಮುಂಚೆ

ಬಸವನಗುಡಿ, ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು: ಮಗಳು-ಅಳಿಯ ರೆಡಿಂಗ್ ಕಡೆ ಮನೆ ನೋಡ್ತಿದ್ದಾರೆ, ನಾವೂ ಸ್ವಲ್ಪ ಹಾಕಬೇಕು. ಅವರು ಕಳಿಸುವ ಫೋಟೋಗಳಲ್ಲಿ ಹೆಚ್ಚಾಗಿ ಒಂದೇ ಬಗೆಯ ಮನೆ ಇರುತ್ತದೆ. ಪಕ್ಕದವರ ಜೊತೆ ಒಂದು ಗೋಡೆ ಹಂಚಿಕೊಂಡ, ಮುಂದೆ ಕಿಟಕಿ ಕಮಾನಾಗಿ ಹೊರಚಾಚಿದ, ಇಳಿಜಾರು ಹೆಂಚಿನ, ಹಿಂದೆ ಉದ್ದನೆ ಹಿತ್ತಿಲಿರುವ ಸೆಮಿ ಡಿಟ್ಯಾಚ್ಡ್. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಮನೆಗಳು ಎದ್ದವು. ಊರಂಚಿನ ಈ ಸದ್ದಿಲ್ಲದ ಬೀದಿಗಳಲ್ಲಿ ಬಹಳಷ್ಟು ಆಗಿನವೇ. ಕಟ್ಟಡ ಒಳ್ಳೆಯದು, ಕೊಳ್ಳಬಹುದು. ಕೈಕೊಡುವುದು ಎರಡು: ಮನೆಯ ಮರದ ನೆಲ, ಮತ್ತು ಬೆಂಗಳೂರಿನಲ್ಲಿ ಮಗಳ ಹೆಸರಿಗಿರುವ ಫ್ಲ್ಯಾಟು.

ಫ್ಲ್ಯಾಟಿನ ವಿಷಯ ಮೊದಲು, ದೊಡ್ಡ ಮೊತ್ತ ಹೋಗುವುದು ಅಲ್ಲೇ. 2025ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಸ್ಟ್ಯಾಂಪ್ ಡ್ಯೂಟಿ ಬೆಲೆಯ ಮೊದಲ 1,25,000 ಪೌಂಡಿಗೆ ಇಲ್ಲ, ಅಲ್ಲಿಂದ 2,50,000ದವರೆಗಿನ ಭಾಗಕ್ಕೆ ಶೇ 2, ಆಮೇಲೆ 9,25,000ದವರೆಗೆ ಶೇ 5. ಅಂದರೆ 4,50,000 ಪೌಂಡಿನ ಮನೆಗೆ 12,500. ಮೊದಲ ಸಲ ಮನೆ ಕೊಳ್ಳುವವರಿಗೆ, ಬೆಲೆ 5 ಲಕ್ಷ ದಾಟದಿದ್ದರೆ, 3 ಲಕ್ಷದವರೆಗೆ ಮಾಫಿ. ಅದೇ ಮನೆಗೆ 7,500 ಸಾಕು. ಆದರೆ ಮೊದಲ ಸಲ ಅಂದರೆ ಪ್ರಪಂಚದಲ್ಲೇ ಮೊದಲ ಸಲ. ಮದುವೆಗೆ ಮುಂಚೆ ಅಪ್ಪ ಬರೆದುಕೊಟ್ಟ ಜೆ.ಪಿ. ನಗರದ ಫ್ಲ್ಯಾಟೂ ಲೆಕ್ಕಕ್ಕೆ ಬರುತ್ತದೆ, ತಾತನ ಮನೆಯಲ್ಲಿ ಬಂದ ಪಾಲೂ ಬರುತ್ತದೆ. ಗಂಡ-ಹೆಂಡತಿ ಜಂಟಿಯಾಗಿ ಕೊಂಡರೆ ಇಬ್ಬರ ಹೆಸರಿನಲ್ಲೂ ಎಲ್ಲೂ ಮನೆ ಇದ್ದಿರಬಾರದು. ಇಷ್ಟಕ್ಕೇ ಮುಗಿಯುವುದಿಲ್ಲ. ಬೆಂಗಳೂರಿನ ಆ ಆಸ್ತಿ ಈಗಲೂ ಕೈಯಲ್ಲಿದ್ದು, ಬೆಲೆ 40,000 ಪೌಂಡಿಗೆ ಕಡಿಮೆ ಇಲ್ಲದಿದ್ದರೆ, ಹೊಸದು ಎರಡನೇ ಮನೆ ಅನ್ನಿಸಿಕೊಂಡು ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ 5 ಬೀಳುತ್ತದೆ. ಒಟ್ಟು 35,000. ಖಾಲಿ ಸೈಟಿಗೆ ಈ ಕಾಟವಿಲ್ಲ. ಕಳೆದ 3 ವರ್ಷದೊಳಗೆ ಪಿತ್ರಾರ್ಜಿತವಾಗಿ ಬಂದ, ಅರ್ಧಕ್ಕಿಂತ ಹೆಚ್ಚಲ್ಲದ ಪಾಲಾದರೆ ಶೇ 5ರಿಂದ ಬಚಾವ್, ಮೊದಲ ಮನೆಯ ಮಾಫಿ ಮಾತ್ರ ಸಿಗದು. ಇನ್ನು, ಭದ್ರತೆಗೆಂದು ಅಪ್ಪನ ಹೆಸರನ್ನೂ ಕ್ರಯಪತ್ರಕ್ಕೆ ಸೇರಿಸುವ ನಮ್ಮ ಅಭ್ಯಾಸ ಅಲ್ಲಿ ಬೇಡವೇ ಬೇಡ. ಜಂಟಿ ಖರೀದಿದಾರರಲ್ಲಿ ಒಬ್ಬರಿಗೆ ಮನೆಯಿದ್ದರೂ ಶೇ 5, ಒಬ್ಬರು ಬ್ರಿಟನ್ನಿನ ನಿವಾಸಿಯಲ್ಲದಿದ್ದರೂ ಮೇಲೆ ಶೇ 2, ಎರಡೂ ಇಡೀ ಬೆಲೆಗೆ.

ದುಡ್ಡು ಕಳಿಸುವುದು ಅಷ್ಟು ಕಷ್ಟವಲ್ಲ. ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು, ಅಪ್ಪ-ಅಮ್ಮ ಬೇರೆ ಬೇರೆಯಾಗಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯತನಕ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ. ಮಾರ್ಚ್ ಕೊನೆಗೊಂದು ಕಂತು, ಏಪ್ರಿಲ್‌ನಲ್ಲೊಂದು ಕಂತು ಕಳಿಸಿದರೆ ಎರಡು ವರ್ಷದ ಮಿತಿ ಸಿಗುತ್ತದೆ. ಖರೀದಿ ನಡೆಸಿಕೊಡುವ ಅಲ್ಲಿನ ವಕೀಲರು (ಸಾಲಿಸಿಟರ್) ಕೇಳುವುದು ಹಣದ ಮೂಲ: ಬ್ಯಾಂಕ್ ಸ್ಟೇಟ್‌ಮೆಂಟು, ಎಫ್‌ಡಿ ಮುರಿಸಿದ್ದರೆ ಅದರ ಕಾಗದ, ಸೈಟು ಮಾರಿದ್ದರೆ ಕ್ರಯಪತ್ರ. ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಅನುವಾದ ಮೊದಲೇ ಮಾಡಿಸಿಡಿ. ಸಾಲ ಕೊಡುವ ಬ್ಯಾಂಕಿಗೆ, ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ಪಾಲೂ ಬೇಡ ಎಂದು ಸಹಿ ಹಾಕಿದ ಪತ್ರ ಬೇಕು.

ಖಾತಾ, ಇಸಿ, ತಾಯಿಪತ್ರ ಅಂತ ಅಲೆದವರಿಗೆ ಅಲ್ಲಿನ ಕಾಗದದ ಕೆಲಸ ಪುಕ್ಕಟೆ ಸಿಕ್ಕ ಹಾಗೆ ಅನ್ನಿಸುತ್ತದೆ. ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಜಾಲತಾಣದಲ್ಲಿ 7 ಪೌಂಡ್ ಕಟ್ಟಿದರೆ ಮಾಲೀಕರು ಯಾರು, ಅಡಮಾನ ಇದೆಯೇ, ದಾರಿ ಹಕ್ಕೇನು, ಎಲ್ಲ ಸಿಗುತ್ತದೆ. ತೊಂದರೆ ಇರುವುದು ಮಾತಿನ ಬಲದಲ್ಲಿ. ನಮ್ಮಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಆದರೆ ಒಂದು ಹಿಡಿತ ಇರುತ್ತದೆ. ಅಲ್ಲಿ ಆಫರ್ ಒಪ್ಪಿದ ಮೇಲೂ, ಎರಡೂ ಕಡೆಯವರು ಸಹಿ ಹಾಕಿದ ಕರಾರು ಅದಲುಬದಲು (ಎಕ್ಸ್‌ಚೇಂಜ್) ಆಗುವತನಕ ಮಾರುವವರು ಇನ್ನೊಬ್ಬರಿಗೆ ಹೆಚ್ಚಿನ ಬೆಲೆಗೆ ಕೊಡಬಹುದು, ಅದು ಕಾನೂನುಬದ್ಧವೇ. ಆ ಹೊತ್ತಿಗೆ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು ಕಳೆದು, ಸರ್ವೆಯ (ಮನೆಯ ಸ್ಥಿತಿಯ ತಪಾಸಣೆಯ) ಖರ್ಚು, ವಕೀಲರ ಖರ್ಚು ಆಗಿರುತ್ತದೆ. ಎಕ್ಸ್‌ಚೇಂಜ್ ದಿನ ಶೇ 10 ಕಟ್ಟಬೇಕು, ಅವತ್ತಿನಿಂದಲೇ ಕಟ್ಟಡದ ವಿಮೆಯೂ ನಿಮ್ಮದು. ಕೀಲಿ ಸಿಕ್ಕ ಮೇಲೆ ಮಾಡಿಸೋಣ ಅಂದುಕೊಳ್ಳುವವರು ಇಲ್ಲೇ ಎಡವುತ್ತಾರೆ.

ಈಗ ಮನೆಗೆ ಬರೋಣ. ಆ ಕಾಲದ ಬಹುತೇಕ ಮನೆಗಳ ಹೊರಗೋಡೆ ಎರಡು ಪದರದ ಇಟ್ಟಿಗೆಯದು, ನಡುವೆ ಸುಮಾರು 2 ಅಂಗುಲ ಟೊಳ್ಳು. ಎರಡನ್ನೂ ಹಿಡಿದಿರುವುದು ಕಬ್ಬಿಣದ ಕೊಂಡಿ. ಅದು ತುಕ್ಕು ಹಿಡಿದು ಉಬ್ಬಿದಾಗ ಗಾರೆಯ ಸಾಲಿನಲ್ಲಿ, ಸಮ ಅಂತರದಲ್ಲಿ, ಅಡ್ಡ ಬಿರುಕು ಕಾಣುತ್ತದೆ. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕಾದರೆ ಅದು ತಳದ ಮಣ್ಣಿನ ಕಥೆ. ಲಂಡನ್ ಸುತ್ತಲಿನ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಹತ್ತಿರ ಓಕ್ ಅಥವಾ ವಿಲೋ ಮರವಿದ್ದರೆ ಇನ್ನೂ ಜಾಸ್ತಿ. ಬಿರುಕು 5 ಮಿಲಿಮೀಟರ್ ದಾಟಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ.

ನೆಲ ನಮ್ಮ ಹಾಗೆ ಕಾಂಕ್ರೀಟಿನ ಮೇಲೆ ಟೈಲ್ಸ್ ಅಲ್ಲ. ಮುಂದಿನ ಕೋಣೆಗಳಲ್ಲಿ ಹಲಗೆ, ಅದರಡಿ ಮರದ ತೊಲೆ, ಅದರಡಿ ಗಾಳಿ. ಆ ಗಾಳಿ ಓಡಾಡಲೆಂದು ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ ಇಟ್ಟಿರುತ್ತಾರೆ. ಆಮೇಲೆ ಬಂದ ಯಾರೋ ಹಿತ್ತಿಲಿಗೆ ಕಲ್ಲು ಹಾಸಿ, ಹೂವಿನ ಪಾತಿ ಎತ್ತರಿಸಿ, ತೂತು ಮುಚ್ಚಿರುತ್ತಾರೆ. ಅಲ್ಲಿಂದ ತೇವ ನಿಂತು ತೊಲೆಯ ತುದಿ ಕೊಳೆಯುತ್ತದೆ. ಹೊರಗಿನ ನೆಲ, ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕಿರುವ ಡಿಪಿಸಿ ಪಟ್ಟಿಗಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು, ಅದನ್ನು ಟೇಪು ಹಿಡಿದು ನೋಡಿ. ಒಳಗೆ ಹೊರಚಾಚಿದ ಕಿಟಕಿಯ ಬಳಿ ನಿಂತು ಹಿಮ್ಮಡಿ ಎತ್ತಿ ಜೋರಾಗಿ ಇಳಿಸಿ. ನೆಲ ತೂಗಿದರೆ, ಮೆಟ್ಟಿಲಡಿಯ ಬೀರುವಿನಲ್ಲಿ ಅಣಬೆಯ ವಾಸನೆ ಬಂದರೆ, ಹಲಗೆ ಎತ್ತಿ ನೋಡಲು ಅನುಮತಿ ಕೇಳಿ. ಸರ್ವೆಯರ್ ತಾನಾಗಿ ಕಾರ್ಪೆಟ್ ಎಬ್ಬಿಸಿ ಹಲಗೆ ಕೀಳುವುದಿಲ್ಲ. ಬ್ಯಾಂಕಿನವರು ಮಾಡಿಸುವ ವ್ಯಾಲ್ಯುಯೇಶನ್ ಅಂತೂ ಸರ್ವೆಯೇ ಅಲ್ಲ, ಸಾಲಕ್ಕೆ ಮನೆ ಸಾಕೇ ಅನ್ನುವುದಷ್ಟೇ ಅದರ ಚಿಂತೆ. ಇಷ್ಟು ಹಳೆಯ ಮನೆಗೆ ಅಲ್ಲಿನ ಸರ್ವೆಯರ್‌ಗಳ ಸಂಸ್ಥೆ ಆರ್‌ಐಸಿಎಸ್‌ನ ಲೆವೆಲ್ 3, ಅಂದರೆ ಅತಿ ವಿವರವಾದ, ಸರ್ವೆ ಮಾಡಿಸಿ. ಇಲ್ಲಿ ಉಳಿಸುವ ಕೆಲವು ನೂರು ಪೌಂಡು ದಂಡ.

ಟಾರ್ಚ್ ಹಿಡಿದು ಅಟ್ಟ ಹತ್ತಿ. ಕೆಳಗಿನ ಕೋಣೆಗಳಲ್ಲಿ ಚಿಮಣಿಯ ಉಬ್ಬು ಒಡೆದು ಜಾಗ ಮಾಡಿಕೊಂಡು, ಮೇಲೆ ಅಟ್ಟದಲ್ಲಿ ಇಟ್ಟಿಗೆ ಹಾಗೇ ನಿಂತಿದ್ದರೆ, ಅದನ್ನು ಹೊತ್ತಿರುವುದು ಏನು ಎಂದು ಕೇಳಿ, ಬಿಲ್ಡಿಂಗ್ ರೆಗ್ಯುಲೇಶನ್ಸ್ ಪ್ರಮಾಣಪತ್ರ ತೋರಿಸಲು ಹೇಳಿ. ಅಟ್ಟದ ನೆಲದಲ್ಲಿ ಇನ್ಸುಲೇಶನ್ 270 ಮಿಲಿಮೀಟರ್ ದಪ್ಪ ಇದ್ದರೆ ಚಳಿಗಾಲದ ಬಿಲ್ಲು ಹಗುರ. ಹಿಂಬದಿಯ ಶೆಡ್ಡಿನ ಸಿಮೆಂಟ್ ಶೀಟು, ಉಬ್ಬುತಗ್ಗಿನ ಅಲಂಕಾರದ ಸೀಲಿಂಗು ಹಳೆಯವಾದರೆ ಆಸ್ಬೆಸ್ಟಾಸ್ ಇರಬಹುದು. ಅಲ್ಲಿ ಅದರ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ.

ನಮ್ಮ ಅಡುಗೆಗೆ ಈ ಮನೆ ಕಟ್ಟಿದ್ದಲ್ಲ. ಒಲೆಯ ಮೇಲಿನ ಹುಡ್ ಎಷ್ಟೋ ಕಡೆ ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುತ್ತದೆ. ಇಂಗಿನ ಒಗ್ಗರಣೆಗೆ ಅದು ಏನೇನೂ ಸಾಲದು. ಹೊರಗೋಡೆಗೆ ಕೊಳವೆ ಹೋಗಿದೆಯೇ ನೋಡಿ. ಹೊಸದಾಗಿ ಹಾಕಿಸುವುದಾದರೆ ಸೆಕೆಂಡಿಗೆ ಕನಿಷ್ಠ 30 ಲೀಟರ್ ಗಾಳಿ ಎಳೆಯಬೇಕು. ಕಿಟಕಿ ಮುಚ್ಚಿಕೊಂಡು ಕುಕ್ಕರ್ ಕೂಗಿಸಿ, ರೇಡಿಯೇಟರ್ ಮೇಲೆ ಬಟ್ಟೆ ಒಣಗಿಸಿದರೆ ಜನವರಿಯೊಳಗೆ ಬೀರುವಿನ ಹಿಂದೆ ಕರಿ ಬೂಷ್ಟು. ಇದನ್ನು ಗೋಡೆ ಸೋರುತ್ತಿದೆ ಎಂದು ತಪ್ಪು ತಿಳಿದು, ಗೋಡೆಗೆ ತೇವ ತಡೆಯುವ ರಾಸಾಯನಿಕದ ಇಂಜೆಕ್ಷನ್ ಹಾಕಿಸಿ ದುಡ್ಡು ಕಳೆದುಕೊಳ್ಳುವವರು ಬಹಳ. ಸಂಪು, ಟ್ಯಾಂಕರ್, ಮೋಟರ್ ಯಾವುದರ ಗೋಜೂ ಇಲ್ಲ, ಅದೊಂದು ಸುಖ. ಟ್ಯಾಂಕಿಲ್ಲದೆ ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇದ್ದಲ್ಲಿ ಮಾತ್ರ ಎರಡು ಕಡೆ ಒಟ್ಟಿಗೆ ಬಿಸಿನೀರು ಬಿಟ್ಟರೆ ಧಾರೆ ಸಣ್ಣಗಾಗುತ್ತದೆ.

ನಿಶ್ಶಬ್ದ ನಿಜವಾದದ್ದೇ, ಆದರೆ ಅದು ಹಂಚಿಕೊಂಡ ಗೋಡೆಯವರೆಗೆ. ಎರಡೂ ಮನೆಯ ಮೆಟ್ಟಿಲು ಆ ಗೋಡೆಗೆ ಒರಗಿದ್ದರೆ ಮಲಗುವ ಕೋಣೆಗಳು ದೂರ ಉಳಿಯುತ್ತವೆ. ಕೋಣೆಗೆ ಕೋಣೆ ತಾಗಿದ್ದರೆ ಅವರ ಟಿವಿ ನಿಮಗೆ, ನಿಮ್ಮ ಬೆಳಗಿನ ಸುಪ್ರಭಾತ ಅವರಿಗೆ. ಪಟಾಕಿಗೆ ರಾತ್ರಿ 11ರ ನಂತರ ನಿಷೇಧ. ದೀಪಾವಳಿಯ ರಾತ್ರಿಯಾದರೆ ಕಾನೂನೇ 1 ಗಂಟೆಯವರೆಗೆ ಬಿಡುತ್ತದೆ. ಬೀದಿಯನ್ನು ಭಾನುವಾರ ಮಧ್ಯಾಹ್ನ ನೋಡಿ ಮೆಚ್ಚಬೇಡಿ, ಶಾಲೆ ಬಿಡುವ ಹೊತ್ತಿಗೂ ಹೋಗಿ. ಕೌನ್ಸಿಲ್ ಟ್ಯಾಕ್ಸ್ ಯಾವ ಬ್ಯಾಂಡ್ ಎಂದು ಕೇಳುವುದು ಮರೆಯಬೇಡಿ: 1991ರ ಬೆಲೆಯ ಮೇಲೆ ನಿಂತ ಲೆಕ್ಕ, ಆದರೆ ವರ್ಷಕ್ಕೆ ಎರಡು ಸಾವಿರ ಪೌಂಡ್ ಸುಲಭವಾಗಿ ದಾಟುತ್ತದೆ. ಇಲ್ಲಿನ ಮನೆ ಕಂದಾಯ ಕಟ್ಟಿ ಅಭ್ಯಾಸವಾದವರಿಗೆ ಎದೆ ಝಲ್ಲೆನ್ನುತ್ತದೆ.

ಆರು ತಿಂಗಳು ಹೋಗಿ ಇರಬೇಕೆಂದುಕೊಂಡಿರುವ ಅಪ್ಪ-ಅಮ್ಮಂದಿರು ಇನ್ನೊಂದು ನೋಡಬೇಕು. ಈ ಮನೆಗಳಲ್ಲಿ ಬಚ್ಚಲು, ಶೌಚ ಎರಡೂ ಸಾಮಾನ್ಯವಾಗಿ ಮಹಡಿಯ ಮೇಲೆ, ಮೆಟ್ಟಿಲು ಕಡಿದು. ಮಂಡಿನೋವಿದ್ದರೆ ಕೆಳಗೊಂದು ಶೌಚ ಬೇಕೇ ಬೇಕು. ಮೆಟ್ಟಿಲಡಿ ಜಾಗ ಇರುತ್ತದೆ. ಪ್ರಶ್ನೆ ಇರುವುದು 110 ಮಿಲಿಮೀಟರಿನ ಮಲದ ಕೊಳವೆ ಎಷ್ಟು ದೂರ ಎಂಬುದರಲ್ಲಿ. ಅದು ಹತ್ತಿರದ ಗೋಡೆಯಲ್ಲೇ ಇಳಿದಿದ್ದರೆ ಕೆಲಸ ಸಲೀಸು. ಮನೆಯ ಆ ತುದಿಯಲ್ಲಿದ್ದರೆ ಅರೆದು ನೂಕುವ ಪಂಪು ಹಾಕುತ್ತಾರೆ. ರಾತ್ರಿ ಮನೆಯವರನ್ನೆಲ್ಲ ಎಬ್ಬಿಸುವಷ್ಟು ಸದ್ದು ಅದರದು, ಒದ್ದೆ ಟಿಶ್ಯೂ ಬಿದ್ದರೆ ಕಟ್ಟಿಕೊಳ್ಳುತ್ತದೆ, ಕರೆಂಟ್ ಹೋದರೆ ನಿಂತೇ ಹೋಗುತ್ತದೆ.