ಮಾಸ್ಟೊಡಾನ್‌ನಲ್ಲಿ ಆರು ವರ್ಷ: ಕನ್ನಡದಲ್ಲಿ ಬರೆದದ್ದು ಹುಡುಕಿದರೆ ಸಿಗಬೇಕು

ಟ್ವಿಟರ್ ತರಹದ ಸಾಮಾಜಿಕ ಜಾಲ ಮಾಸ್ಟೊಡಾನ್‌ಗೆ ನಾನು ಬಂದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿತ್ತು. ಅದರ ಬೆನ್ನಿಗೇ ಭಾರತದಿಂದ ತುಂಬಾ ಜನ ಇಲ್ಲಿ ಖಾತೆ ತೆರೆದರು. ನನ್ನ ಪರಿಚಯದವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ವಾಪಸ್ ಹೋದರು. ನಾನು ಉಳಿದುಕೊಂಡೆ. ನನ್ನನ್ನು ಉಳಿಸಿದ್ದು ಮಳೆ.

ಶಿರಸಿ ಕಡೆ ನಮ್ಮದೊಂದು ಸಣ್ಣ ಅಡಿಕೆ ತೋಟ. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದೇನೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು, ನಾಲ್ಕು ಸಾಲು ಬರೆದು ಹಾಕುತ್ತೇನೆ. "ಪುನರ್ವಸು ಮಳೆ, ಎರಡನೇ ದಿನ. 84 ಮಿ.ಮೀ. ಗಾಳಿ ಇಲ್ಲ. ತೋಟದ ಕೆಳಭಾಗದಲ್ಲಿ ಎರಡು ಮರಕ್ಕೆ ಕೊಳೆ ರೋಗ ಕಂಡಿದೆ." ಇಷ್ಟೇ. ಇದನ್ನು ಓದಲು ಒಂದಷ್ಟು ಜನ ಇದ್ದಾರೆ. ಸಾಗರದವರು, ತೀರ್ಥಹಳ್ಳಿಯವರು, ದೂರದ ಊರಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯ ಹುಡುಗರು. "ನಮ್ಮಲ್ಲಿ 60 ಅಷ್ಟೇ" ಅಂತ ಅವರೂ ಕೆಳಗೆ ಬರೆಯುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಸ್ಟೊಡಾನ್ ಒಂದೇ ಕಂಪನಿಯ ಜಾಲತಾಣ ಅಲ್ಲ. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಶುರು ಮಾಡಿದ ಮುಕ್ತ ತಂತ್ರಾಂಶ ಇದು. ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು. ಒಂದು ಸರ್ವರ್‌ನಲ್ಲಿರುವವರು ಇನ್ನೊಂದರಲ್ಲಿರುವವರನ್ನು ಫಾಲೋ ಮಾಡಬಹುದು. ಇಮೇಲ್ ಇದ್ದ ಹಾಗೆ ಅಂದುಕೊಳ್ಳಿ. ಜಾಹೀರಾತು ಇಲ್ಲ. ನಾವು ಫಾಲೋ ಮಾಡಿದವರು ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಕಾಣುತ್ತದೆ. ದಿನದ ಮಳೆ ಲೆಕ್ಕಕ್ಕೆ ಇದಕ್ಕಿಂತ ಬೇರೆ ಏನು ಬೇಕು? ನಿನ್ನೆಯ ಮಳೆ ನಾಲ್ಕು ದಿನ ಬಿಟ್ಟು ಕಾಣಿಸಿದರೆ ಯಾರಿಗೂ ಉಪಯೋಗ ಇಲ್ಲ, ಅಲ್ವಾ?

ಬರೆಯಲು ಜಾಗವೂ ಸಾಕಷ್ಟಿದೆ. ಸಾಮಾನ್ಯವಾಗಿ 500 ಅಕ್ಷರ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ದುಡ್ಡು ಕಟ್ಟದವರಿಗೆ 280. ಕನ್ನಡದವರಿಗೆ ಅದು ಇನ್ನೂ ಬೇಗ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. "ಸ್ತ್ರೀ" ನಮಗೆ ಒಂದು ಅಕ್ಷರ, ಆ ಲೆಕ್ಕದಲ್ಲಿ ಆರು.

ಈ ಆರು ವರ್ಷದಲ್ಲಿ ಮಾಸ್ಟೊಡಾನ್ ಬಹಳ ಸುಧಾರಿಸಿದೆ. 2022ರಲ್ಲಿ ಬರೆದದ್ದನ್ನು ತಿದ್ದುವ ಅವಕಾಶ ಬಂತು. ಅದೇ ವರ್ಷ ಹ್ಯಾಶ್‌ಟ್ಯಾಗ್ ಫಾಲೋ ಮಾಡುವ ಸೌಲಭ್ಯವೂ ಬಂತು. ಮಳೆ ಲೆಕ್ಕದ ನಮ್ಮ ಗುಂಪು ಬೆಳೆದದ್ದೇ ಅದರಿಂದ. 2025ರ ಕೊನೆಗೆ ಬಂದ 4.5 ಆವೃತ್ತಿಯಲ್ಲಿ ಇನ್ನೊಬ್ಬರ ಬರಹವನ್ನು ಉಲ್ಲೇಖಿಸಿ ಬರೆಯಬಹುದು. ತಮ್ಮ ಬರಹವನ್ನು ಯಾರು ಹಾಗೆ ಬಳಸಬಹುದು ಅನ್ನುವುದು ಮೂಲ ಬರೆದವರ ಕೈಯಲ್ಲೇ ಇದೆ. ತುಂಬಾ ಯೋಚಿಸಿ ಮಾಡಿದ್ದಾರೆ. ನನಗೆ ಇಷ್ಟವಾಯಿತು.

ಈಗ ಮಾಸ್ಟೊಡಾನ್ ರೂಪಿಸುವವರಿಂದ ನಾನು ಕೇಳುತ್ತಿರುವ ಬದಲಾವಣೆಗಳಿಗೆ ಬರುತ್ತೇನೆ.

ಮೊದಲನೆಯದು ಹುಡುಕಾಟ. ಇದು ಎಲ್ಲಕ್ಕಿಂತ ಮುಖ್ಯ. 2023ರ 4.2 ಆವೃತ್ತಿಯಿಂದ ಬರಹಗಳ ಒಳಗಿನ ಪದಗಳನ್ನೂ ಹುಡುಕಬಹುದು. ಆದರೆ ಆ ಸರ್ವರ್ ನಡೆಸುವವರು ಎಲಾಸ್ಟಿಕ್‌ಸರ್ಚ್ ಅನ್ನುವ ಹುಡುಕಾಟದ ತಂತ್ರಾಂಶ ಹಾಕಿರಬೇಕು. ಬೇರೆಯವರ ಬರಹ ಸಿಗಬೇಕಾದರೆ ಬರೆದವರೂ ಒಪ್ಪಿಗೆ ಕೊಟ್ಟಿರಬೇಕು. ಒಪ್ಪಿಗೆ ಕೇಳುವುದು ಸರಿಯಾದ ಕ್ರಮವೇ, ಅದನ್ನು ಬದಲಿಸಿ ಅಂತ ನಾನು ಹೇಳುವುದಿಲ್ಲ. ನಾನು ಹೇಳುವುದು ಕನ್ನಡದ ಪ್ರತ್ಯಯಗಳ ಬಗ್ಗೆ. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲ ಪದ ಹಿಡಿಯುವ ವ್ಯವಸ್ಥೆ ಹುಡುಕಾಟದ ಒಳಗೆ ಇದೆ. ಕನ್ನಡಕ್ಕೆ ಅದು ಇಲ್ಲ. "ಮಳೆ" ಅಂತ ಹುಡುಕಿದರೆ "ಮಳೆ" ಅಂತ ಬಿಡಿಯಾಗಿ ಇರುವುದು ಮಾತ್ರ ಸಿಗುತ್ತದೆ. ಮಳೆಗೆ, ಮಳೆಯಲ್ಲಿ, ಮಳೆಯಿಂದ, ಮಳೆಗಾಲ, ಇವೆಲ್ಲ ಬೇರೆ ಬೇರೆ ಪದಗಳಾಗಿಬಿಡುತ್ತವೆ. ನಾವು ಕನ್ನಡದಲ್ಲಿ ಒಂದು ಪದವನ್ನು ಬರಿದಾಗಿ ಬಿಡುವುದೇ ಕಡಿಮೆ. ಏನಾದರೂ ಒಂದು ಪ್ರತ್ಯಯ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಬರೆದದ್ದರಲ್ಲಿ ಬಹುಪಾಲು ಹುಡುಕಾಟಕ್ಕೆ ಕಾಣುವುದೇ ಇಲ್ಲ.

ಪೂರ್ತಿ ವ್ಯಾಕರಣ ಕಲಿಸಬೇಕು ಅಂತಲ್ಲ. ಪದದ ಮೊದಲ ಭಾಗ ಹೊಂದಿದರೂ ತೋರಿಸುವ ಒಂದು ಆಯ್ಕೆ ಕೊಟ್ಟರೆ ನಮ್ಮ ಕೆಲಸ ಮುಕ್ಕಾಲು ಪಾಲು ಆಗುತ್ತದೆ. ತಮಿಳು, ತೆಲುಗು, ಮಲಯಾಳಂ ಬರೆಯುವವರಿಗೂ ಇದರಿಂದ ಅಷ್ಟೇ ಅನುಕೂಲ.

ಎರಡನೆಯದು ಹಳೆಯ ಬರಹಗಳು. ಇದನ್ನು ಹೇಳುವಾಗ ನನಗೆ ಈಗಲೂ ಬೇಜಾರಾಗುತ್ತದೆ. ನಾನು ಮೊದಲು ಇದ್ದದ್ದು ಒಂದು ಸಣ್ಣ ಸರ್ವರ್‌ನಲ್ಲಿ. ಒಬ್ಬರೇ ಕೈಯಿಂದ ದುಡ್ಡು ಹಾಕಿ ನಡೆಸುತ್ತಿದ್ದರು. ಖರ್ಚು ತೂಗಿಸಲಾಗದೆ ಮುಚ್ಚಿದರು. ಅವರನ್ನು ದೂರುವುದಿಲ್ಲ, ಮೊದಲೇ ತಿಳಿಸಿದ್ದರು. ನಾನು ಬೇರೆ ಸರ್ವರ್‌ಗೆ ಹೋದೆ. ಮಾಸ್ಟೊಡಾನ್‌ನಲ್ಲಿ ಮನೆ ಬದಲಿಸಿದರೆ ಫಾಲೋವರ್‌ಗಳು ತಾವಾಗಿಯೇ ಜೊತೆಗೆ ಬರುತ್ತಾರೆ. ನಾವು ಫಾಲೋ ಮಾಡುವವರ ಪಟ್ಟಿ, ಬುಕ್‌ಮಾರ್ಕ್ ಎಲ್ಲವನ್ನೂ ಕಡತವಾಗಿ ಇಳಿಸಿಕೊಂಡು ಹೊಸ ಕಡೆ ಏರಿಸಬಹುದು. ಬರಹಗಳು ಮಾತ್ರ ಬರುವುದಿಲ್ಲ. ಅವುಗಳ ಪ್ರತಿಯನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಬಹುದು, ಹೊಸ ಖಾತೆಗೆ ಹಾಕುವ ದಾರಿ ಇಲ್ಲ.

ನಾಲ್ಕು ಮಳೆಗಾಲದ ಲೆಕ್ಕ ಹೀಗೆ ಊರು ಬಿಟ್ಟಿತು. ಮಾರನೇ ವರ್ಷ ಜುಲೈನಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ಜಗಲಿ ಮೇಲೆ ಕೂತು ಕೇಳಿದ, "ಭಟ್ರೇ, ಆ ಜೋರು ಮಳೆ ವರ್ಷ ಎರಡನೇ ಔಷಧಿ ಯಾವಾಗ ಹೊಡ್ದಿದ್ವು?" ಮೈಲುತುತ್ತ, ಸುಣ್ಣ ತಂದಿಟ್ಟಾಗಿತ್ತು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ಅಳತೆ ಎಲ್ಲರಿಗೂ ಬಾಯಿಪಾಠ. ಯಾವ ದಿನ ಬಿಡುವು ಸಿಕ್ಕಿತ್ತು, ಹೊಡೆದ ಮೇಲೆ ಎಷ್ಟು ಹೊತ್ತು ಮಳೆ ಬರಲಿಲ್ಲ, ಇದು ಬಾಯಿಪಾಠ ಇರುವುದಿಲ್ಲ. ಅದನ್ನೆಲ್ಲ ನಾನು ಬರೆದಿದ್ದೆ. ಇಳಿಸಿಟ್ಟ ಕಡತ ಕಂಪ್ಯೂಟರ್‌ನಲ್ಲಿತ್ತು, ಅವತ್ತು ಕರೆಂಟ್ ಇರಲಿಲ್ಲ. ಫೋನಿನಲ್ಲಿ ಹಳೆ ಖಾತೆ ತೆರೆಯಲೇ ಇಲ್ಲ. "ಅಂದಾಜಿನ ಮೇಲೇ ಹೊಡೆಯುವ ಮಾರಾಯ" ಅಂತ ಹೇಳಬೇಕಾಯಿತು.

ಬರಹ ಹೊತ್ತು ತರುವುದು ತಾಂತ್ರಿಕವಾಗಿ ಸುಲಭ ಅಲ್ಲ ಅಂತ ನನಗೂ ಅರ್ಥವಾಗುತ್ತದೆ. ಒಂದೊಂದು ಬರಹಕ್ಕೂ ಅದು ಹುಟ್ಟಿದ ಸರ್ವರ್‌ನ ವಿಳಾಸವೇ ಗುರುತು. ಬಂದ ಉತ್ತರಗಳೆಲ್ಲ ಆ ವಿಳಾಸಕ್ಕೇ ಕಟ್ಟಿಕೊಂಡಿರುತ್ತವೆ. ಆದರೆ ನನಗೆ ಉತ್ತರಗಳು ಬೇಡ, ಲೈಕ್ ಬೇಡ. ನನ್ನ ಬರಹ, ಹಳೆಯ ತಾರೀಖು ಸಮೇತ, ಯಾರ ಟೈಮ್‌ಲೈನ್‌ಗೂ ಹೋಗದೆ ನನ್ನ ಹೊಸ ಪುಟದಲ್ಲಿ ಸುಮ್ನೆ ಕೂತರೆ ಸಾಕು. ಜೊತೆಗೆ "ಬೇರೆ ಕಡೆಯಿಂದ ತಂದದ್ದು" ಅಂತ ಒಂದು ಗುರುತು ಹಾಕಲಿ. ಯಾರಿಗೂ ಮೋಸ ಆಗುವುದಿಲ್ಲ.

ಮೂರನೆಯದು ಸಣ್ಣದು, ಆದರೆ ಕೂಡಲೇ ಮಾಡಬಹುದಾದದ್ದು. ಚಿತ್ರ ಹಾಕುವಾಗ ಕಣ್ಣು ಕಾಣದವರಿಗಾಗಿ ವಿವರಣೆ ಬರೆಯುವ ಒಳ್ಳೆಯ ರೂಢಿ ಇಲ್ಲಿದೆ. ಚಿತ್ರದೊಳಗಿನ ಬರಹವನ್ನು ತಾನೇ ಓದಿ ತುಂಬಿಸುವ ಗುಂಡಿಯೂ ವೆಬ್‌ನಲ್ಲಿದೆ. ಅದು ಇಂಗ್ಲಿಷ್ ಮಾತ್ರ ಓದುತ್ತದೆ. ಅದರ ಹಿಂದೆ ಕೆಲಸ ಮಾಡುವುದು ಟೆಸೆರಾಕ್ಟ್ ಅನ್ನುವ, ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ. ಟೆಸೆರಾಕ್ಟ್‌ಗೆ ಕನ್ನಡ ಓದಲು ಬರುತ್ತದೆ! ಬೇಕಾದದ್ದು ಭಾಷೆ ಆರಿಸುವ ಒಂದು ಆಯ್ಕೆ ಅಷ್ಟೇ. ಅಡಿಕೆ ಧಾರಣೆಯ ಪಟ್ಟಿಯನ್ನು ಫೋಟೊ ತೆಗೆದು ಹಾಕುವವರು ಜಾಸ್ತಿ. ಅದನ್ನು ಕಿವಿಯಲ್ಲಿ ಕೇಳಿ ತಿಳಿದುಕೊಳ್ಳುವ ಓದುಗರೊಬ್ಬರು ನನ್ನ ಪರಿಚಯದಲ್ಲೇ ಇದ್ದಾರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಂದು ಬರಹಕ್ಕೆ ಒಂದೇ ಭಾಷೆ ನಮೂದಿಸಬಹುದು, ಎರಡಕ್ಕೆ ಅವಕಾಶ ಬೇಕು. ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಓದಲು ಸಾಧ್ಯವಿದೆ. ಓದುತ್ತಾರೆ ಅಂತಲ್ಲ, ಆದರೂ ಅದಕ್ಕೆ ಬೀಗ ಬೇಕು. ಕನ್ನಡದಲ್ಲಿ ಯಾರಾದರೂ ಬೈದರೆ ದೂರು ಹೋಗುವುದು ಕನ್ನಡ ಬಾರದವರ ಬಳಿ ಇರಬಹುದು. ಆ ಭಾಷೆ ಬಲ್ಲ ಸ್ವಯಂಸೇವಕರ ಅಭಿಪ್ರಾಯ ಕೇಳುವ ವ್ಯವಸ್ಥೆ ಇದ್ದರೆ ಚೆನ್ನ.

ಹಾಗಾದರೆ ಬರಬಹುದಾ ಅಂತ ಕೇಳಿದರೆ, ಖಂಡಿತ ಬನ್ನಿ. ತುಂಬಾ ಜನ ಬೇಕು, ದೊಡ್ಡ ಸುದ್ದಿ ಆಗಬೇಕು ಅನ್ನುವವರಿಗೆ ಇದು ಜಾಗ ಅಲ್ಲ. ತಮ್ಮ ಕೆಲಸದ ಬಗ್ಗೆ ದಿನಾ ನಾಲ್ಕು ಮಾತು ಬರೆಯುವವರಿಗೆ, ಓದುವವರಿಗೆ ಇಷ್ಟು ನೆಮ್ಮದಿಯ ಜಾಗ ನಾನು ಬೇರೆ ಕಂಡಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರು ಕ್ರೌಡಿನ್ ಅನ್ನುವ ಅನುವಾದದ ತಾಣದಲ್ಲಿ ಮಾಸ್ಟೊಡಾನ್‌ನ ಕನ್ನಡ ಅನುವಾದಕ್ಕೂ ಕೈ ಜೋಡಿಸಿ.

ಬಂದವರು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಬರಹಗಳ ಪ್ರತಿ ಕೇಳಿ ಇಳಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಏಳು ದಿನಕ್ಕೊಮ್ಮೆ ಕೇಳಬಹುದು. ನಾನು ಮಳೆ ನಕ್ಷತ್ರ ಬದಲಾದಾಗಲೆಲ್ಲ ಒಂದು ಸಲ ಇಳಿಸಿಕೊಳ್ಳುತ್ತೇನೆ. ಈಗ ಅದರ ಒಂದು ಪ್ರತಿ ಫೋನಿನಲ್ಲೂ ಇರುತ್ತದೆ.