ಸೌರ ಕಣಗಳ ಅಳತೆ: ಮಲೆನಾಡಿನ ಕಾಲೇಜಿಗೆ ಯಾವ ದಾರಿ?

ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 16 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಶಕ್ತಿಯ ಪ್ರೋಟಾನುಗಳನ್ನು ತಡೆದುಬಿಡುತ್ತದೆ. ಸೂರ್ಯನ ಕಣಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಹಳ ದುರ್ಬಲ. ಹಾಗಾಗಿ ಶಿವಮೊಗ್ಗದ ಕಾಲೇಜಿನಲ್ಲಿ ಎಂಥ ಉಪಕರಣ ಇಟ್ಟರೂ ಆ ಕಣಗಳ ನೇರ ಅಳತೆ ಕಷ್ಟ.

ನೇರ ಅಳತೆಯೇ ಬೇಕೆಂದರೆ ಉಪಗ್ರಹದ ದತ್ತಾಂಶ ಬಳಸಿ. ಅಮೆರಿಕದ ಹವಾಮಾನ ಉಪಗ್ರಹಗಳಾದ ಗೋಸ್‌ನ ಪ್ರೋಟಾನ್ ರೇಖಾನಕ್ಷೆ ಉಚಿತವಾಗಿ ಸಿಗುತ್ತದೆ. 10 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಕಣಗಳ ಗೆರೆ 10 ಘಟಕ (ಪ್ರೋಟಾನ್ ಹರಿವಿನ ಮಾನ) ದಾಟಿದರೆ ಅದು ಎಸ್1, ಅಂದರೆ ಅತಿ ಕೆಳಗಿನ ಹಂತದ ಸೌರ ವಿಕಿರಣ ಬಿರುಗಾಳಿ. 2024ರ ಜನವರಿ 6ರಂದು ಎಲ್1 (ಭೂಮಿ-ಸೂರ್ಯರ ನಡುವಿನ ಸಮತೋಲನ ಬಿಂದು) ತಲುಪಿದ ಭಾರತದ ಆದಿತ್ಯ ನೌಕೆಯ ಕಣ ಅಳೆಯುವ ಉಪಕರಣ ಆಸ್ಪೆಕ್ಸ್ ಇನ್ನೂ ಕಡಿಮೆ ಶಕ್ತಿಯ ಕಣಗಳನ್ನು ನೋಡುತ್ತದೆ.

ವಿಕಿರಣ ಎಣಿಸುವ ಗೈಗರ್ ಕೌಂಟರ್ ಅಗ್ಗ, ಆದರೆ ಈ ಕೆಲಸಕ್ಕೆ ಬೇಡ. ಜೋರು ಮಳೆ ಬಿದ್ದೊಡನೆ ಗಾಳಿಯ ರೇಡಾನ್ ಸಂತತಿ (ರೇಡಾನ್ ಎಂಬ ವಿಕಿರಣಶೀಲ ಅನಿಲ ಒಡೆದು ಹುಟ್ಟುವ ಧಾತುಗಳು) ನೆಲಕ್ಕಿಳಿದು ಎಣಿಕೆ ಏರುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಸೌರ ಬಿರುಗಾಳಿ ಎಂದುಕೊಳ್ಳುವುದು ಬಹಳ ಸುಲಭ.

ಸ್ವಂತ ಉಪಕರಣ ಬೇಕಿದ್ದರೆ, ಪರೋಕ್ಷ ಅಳತೆಗೆ, ಮ್ಯೂಆನ್ (ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣ) ದೂರದರ್ಶಕವೇ ಸರಿ: 20 ಸೆಂ.ಮೀ. ಚೌಕದ ಎರಡು ಸಿಂಟಿಲೇಟರ್ (ಕಣ ತೂರಿದಾಗ ಮಿನುಗುವ ವಸ್ತು) ಹಲಗೆ, ನಡುವೆ ಸೀಸದ ತಗಡು, ಎರಡರಲ್ಲೂ ಒಟ್ಟಿಗೆ ಬಂದ ಮಿಂಚನ್ನಷ್ಟೇ ಎಣಿಸಬೇಕು. ನಿಮಿಷಕ್ಕೆ ಹೆಚ್ಚೆಂದರೆ 400 ಬರಬಹುದು. ಗಂಟೆಗೆ 24,000 ಎಂದರೂ ದೋಷ ಶೇ. 0.65; ದೊಡ್ಡ ಸೌರಸ್ಫೋಟದ ಬಳಿಕ ಕಾಸ್ಮಿಕ್ ಕಿರಣಗಳು ತಡೆಯಲ್ಪಟ್ಟು ಬರುವ ಶೇ. 2-3ರ ಇಳಿಕೆ ಕಾಣುತ್ತದೆ. ಗಾಳಿಯೊತ್ತಡದ ತಿದ್ದುಪಡಿ ಬಿಟ್ಟರೆ ಎಲ್ಲ ವ್ಯರ್ಥ: ಒತ್ತಡ ಕುಸಿದರೆ ಎಣಿಕೆ ತಾನಾಗಿ ಏರುತ್ತದೆ. ಜೂನ್‌ಗೆ ಮೊದಲೇ ಹಲಗೆಗಳಿಗೆ ಬೆಳಕು ತಾಗದಂತೆ ಸುತ್ತಿದ ಕಪ್ಪು ಟೇಪಿನ ಅಂಚುಗಳನ್ನು ನೋಡಿ. ತೇವಕ್ಕೆ ಅಂಟು ಬಿಟ್ಟರೆ ಬೆಳಕು ನುಗ್ಗುತ್ತದೆ.